ವಿಜಯನಗರದ ಚರಿತ್ರೆಯೂ ಐಬೀರಿಯದ ಭಾಷೆಗಳ ವ್ಯಾಸಂಗವೂ

ಬಳ್ಳಾರಿ ಸೀಮೆಯ ಪ್ರಾಚೀನ ಚರಿತ್ರೆಗೆ ಶಾಸನಗಳೇ ಮುಖ್ಯಾಧಾರಗಳು. ಕುರುಗೋಡಿನ ಸಿಂದ ಅರಸರ ವೃತ್ತಾಂತವನ್ನರಿಯಲು ಕನ್ನಡ ಸಂಸ್ಕೃತಗಳನ್ನು ಬಲ್ಲವನು ಅನ್ಯಭಾಷೆಯ ಬಾಗಿಲಿಗೆ ಹೋಗಬೇಕಾದುದಿಲ್ಲ. ಹದಿನಾರನೆಯ ಶತಮಾನಕ್ಕೆ ಬಂದೊಡನೆ ಈ ಸ್ವಾತಂತ್ರ್ಯವು ತಪ್ಪುವುದು. ಕೃಷ್ಣದೇವರಾಯನ ರಾಜಧಾನಿಯ ಬೀದಿ, ಪೇಟೆ, ಮಹಾನವಮಿಯ ಉತ್ಸವ, ಸೈನ್ಯ ಇವುಗಳನ್ನು ಕುರಿತ ವಿಸ್ತಾರವಾದ ವರ್ಣನೆಗಳು ದೊಮಿಂಗೊ ಪಾಯಿಸ್ ಮತ್ತು ಫೆರ್ನಾಂವ್ ನೂನಿಜ್ ಎಂಬವರ ಪೋರ್ಚುಗೀಸ್ ಬರೆಹಗಳಲ್ಲಿವೆ. ಪ್ಯಾರಿಸ್ಸಿನಲ್ಲಿದ್ದ ಇವುಗಳ ಹಸ್ತಪ್ರತಿಯನ್ನು ದಾವೀದ್ ಲೋಪಿಸ್ 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚುಮಾಡಿಸಿದನು. ಬಳ್ಳಾರಿಯಲ್ಲಿ ಕಲೆಕ್ಟರನಾಗಿದ್ದ ರಾಬರ್ಟ್ ಸೀವೆಲ್ ಅವನ್ನು ಇಂಗ್ಲಿಷಿಗೆ ತಿರುಗಿಸಿ, 1900ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಸೇರಿಸಿದನು. ಅಂದಿನಿಂದ ಕನ್ನಡಿಗರು ಈ ಸಾಕ್ಷಿಗಳನ್ನು ಬಹುಮಟ್ಟಿಗೆ ಸೀವೆಲ್ಲನ ಮುಖದಿಂದಲೇ ಕೇಳುತ್ತ ಬಂದಿರುವರು.

ಸೀವೆಲ್ಲನ ಪರಿಶ್ರಮವು ಅಲ್ಪವಾದುದಲ್ಲ. ಸಿರುಗುಪ್ಪದ ಕಡೆಯಿಂದ ತುಂಗಭದ್ರೆಯನ್ನು ದಾಟಿದರೆ ಸಿಕ್ಕುವ ರಾಯಚೂರು ದೋಆಬಿನಲ್ಲಿ ನಡೆದ ಮಹಾಯುದ್ಧವನ್ನು ನೂನಿಜ್ 1522ರ ಮೇ ತಿಂಗಳ ಅಮಾವಾಸ್ಯೆಗೂ ಶನಿವಾರಕ್ಕೂ ಹೊಂದಿಸಿ ಹೇಳಿರುವನು. ಪಂಚಾಂಗಗಣಿತದಲ್ಲಿ ನಿಪುಣನಾದ ಸೀವೆಲ್ ಆ ವರ್ಷದಲ್ಲಿ ತಿಥಿವಾರಗಳು ಕೂಡಿಬಾರದುದನ್ನು ಕಂಡು, ಯುದ್ಧವು 1520ರ ಮೇ 19ರಂದು ನಡೆಯಿತೆಂದು ನಿರ್ಣಯಿಸಿದನು. ಆದರೆ ಹೆಸರುಗಳ ವಿಷಯ ಬೇರೆ. ಇಲ್ಲಿ ಗಣಿತವು ಸಾಲದು. ಎರಡು ಕಡೆಯ ಕಿವಿಯೂ ಬೇಕು. ಪಾಯಿಸ್ ಬರೆದ ‘ತೆಮೆರ್ಸೆಯ’ನು ತಿಮ್ಮರಸನೆಂಬುದು ಕನ್ನಡಿಗನಿಗೆ ಒಡನೆಯೇ ಹೊಳೆಯುವುದು. ‘ಇದಲ್ಕಾಂವ್’ ಎಂಬುದರ ಕೊನೆಯ ಅನುನಾಸಿಕವನ್ನು ಬಲ್ಲವನಿಗೇ ಅದು ‘ಆದಿಲ್ ಖಾನ್’ ಎಂಬುದರ ರೂಪವೆಂದು ತೋರುವುದು. ರಾಯಚೂರನ್ನು ಸೂಚಿಸುವ ‘ರಾಚೋಲ್’ ಎಂಬುದನ್ನು ಇಂದಿನ ಲಿಸ್ಬನ್ನಿನವನು ‘ರಶೋಲ್’ ಎಂದೋದುವನು. ಆ ಅಕ್ಷರಕ್ಕೆ ಹಿಂದೆ ಚಕಾರದ ಉಚ್ಚಾರವಿದ್ದುದನ್ನರಿಯದವನು ಊರನ್ನೇ ಕಳೆದುಕೊಳ್ಳುವನು!

ಇದಕ್ಕಿಂತ ಗಹನವಾದುದು ನೂನಿಜನ ಆರಂಭದ ಅಧ್ಯಾಯ. ದಿಲ್ಲಿಯ ಸುಲ್ತಾನನು ಆನೆಗೊಂದಿಯ ಮೇಲೆ ಬಂದಾಗ ಅರಸನು ‘ಕ್ರಿನಮತ’ವೆಂಬ ಕೋಟೆಯನ್ನು ಆಶ್ರಯಿಸಿದನೆಂದು ಅಲ್ಲಿ ಹೇಳಿದೆ. ಇದನ್ನು ಕುಮ್ಮಟವೆಂದು ತಿಳಿಯುವುದೇ ಯುಕ್ತ. ಹಳೆಯ ರೋಮನ್ ಕೈಬರೆಹದಲ್ಲಿ ಉ, ನ, ಮ ಎಂಬುವುಗಳ ಗೀಟುಗಳು ಒಂದರೊಡನೊಂದು ಬೆರೆತು ಲಿಪಿಕಾರನನ್ನು ಮೋಸಗೊಳಿಸುವುದು ಸಾಮಾನ್ಯ. ಕುರುಗೋಡಿಗೆ ನೆರೆಯ ಕಂಪ್ಲಿಯ ಸುತ್ತಮುತ್ತ ಕುಮಾರರಾಮನ ಕಥೆಯನ್ನು ಕೇಳಿ ಬೆಳೆದವನಿಗೆ ಇದು ಊಹಿಸಲಾಗದ ಮಾತಲ್ಲ. ಅವನು ಪೋರ್ಚುಗೀಸನ್ನೂ ಕಲಿತಿದ್ದರೆ ಊಹೆಯು ಪರೀಕ್ಷೆಗೆ ನಿಲ್ಲುವುದು.

1580ರಿಂದ 1640ರ ವರೆಗೆ ಪೋರ್ಚುಗಲ್ಲು ಸ್ಪೇನಿನ ದೊರೆಗಳ ಅಧೀನದಲ್ಲಿದ್ದಿತು. ಅರವೀಡು ವೇಂಕಟಪತಿರಾಯನ ಆಳಿಕೆಯೆಲ್ಲವೂ ಈ ಅವಧಿಗೇ ಸೇರಿದುದು. 1598ರಿಂದ ಅವನ ಚಂದ್ರಗಿರಿಯ ಆಸ್ಥಾನದಲ್ಲಿ ಜೆಸುಯಿಟ್ ಪಾದ್ರಿಗಳಿದ್ದರು. ಈ ಕಾಲದ ಕಾಗದಪತ್ರಗಳನ್ನು ಅರಸುವವನಿಗೆ ಲಿಸ್ಬನ್ ಒಂದೇ ಸಾಲದು; ರೋಮಿನ ಜೆಸುಯಿಟ್ ಭಂಡಾರವೂ ಸ್ಪೇನಿನ ಸಿಮಾಂಕಾಸ್ ದಫ್ತರವೂ ಬೇಕು. ಇವುಗಳ ಉಪಯೋಗವನ್ನು ತೋರಿಸಿದವನು ಬಾರ್ಸಿಲೋನದಲ್ಲಿ 1888ರಲ್ಲಿ ಜನಿಸಿದ ಹೆನ್ರಿ ಹೇರಾಸ್ ಪಾದ್ರಿ. ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದು, 1926ರಲ್ಲಿ ಅಲ್ಲಿ ಸಂಶೋಧನಮಂದಿರವನ್ನು ಸ್ಥಾಪಿಸಿ, ಮರುವರ್ಷವೇ ಅರವೀಡು ವಂಶದ ಚರಿತ್ರೆಯನ್ನು ಪ್ರಕಟಿಸಿದನು. ಆ ಗ್ರಂಥದಲ್ಲಿ ಪಾದ್ರಿಗಳ ಪತ್ರಗಳು ಶಾಸನಗಳೊಡನೆ ಸಮಪಂಕ್ತಿಯಲ್ಲಿ ಕುಳಿತಿವೆ. ಆದರೆ 1929ರ ಗ್ರಂಥದಲ್ಲಿ, ವಿದ್ಯಾರಣ್ಯರು ನಗರವನ್ನು ಕಟ್ಟಿಸಿದರೆಂಬ ಐತಿಹ್ಯವನ್ನು ಶೃಂಗೇರಿಯವರ ಕಲ್ಪನೆಯೆಂದು ಆತನು ತಳ್ಳಿಹಾಕಿದುದು ಕನ್ನಡನಾಡಿನಲ್ಲಿ ತೀವ್ರವಾದ ವಾದಕ್ಕೆ ಕಾರಣವಾಯಿತು. ಎಸ್. ಶ್ರೀಕಂಠಯ್ಯನವರು 1938ರಲ್ಲಿ ಇದೇ ವಿಷಯವನ್ನು ಕುರಿತು ಪ್ರತ್ಯೇಕ ಗ್ರಂಥವನ್ನೇ ಬರೆದರು. ಪರಭಾಷೆಯ ಕಾಗದಗಳಲ್ಲಿ ಹೇರಾಸನಿಗಿದ್ದ ಪ್ರಭುತ್ವವೇ ಈ ನೆಲದ ಐತಿಹ್ಯವನ್ನು ತೂಗುವ ಅಧಿಕಾರವೆನಿಸದು.

ದಿಲ್ಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ ಸ್ಪ್ಯಾನಿಷ್ ಪೋರ್ಚುಗೀಸ್ ಭಾಷೆಗಳಿಗೂ ಆ ನಾಡುಗಳ ಸಂಸ್ಕೃತಿಗೂ ಮೀಸಲಾದ ಕೇಂದ್ರವಿದೆ. ಹೈದರಾಬಾದಿನ ವಿಶ್ವವಿದ್ಯಾಲಯವೊಂದರಲ್ಲಿಯೂ ಸ್ಪ್ಯಾನಿಷನ್ನು ಕಲಿಸುವರು. 1882ರ ವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿದ್ದ ಅನಂತಪುರದಲ್ಲಿ, ಬಾರ್ಸಿಲೋನದವನೇ ಆದ ವಿಸೆಂತೆ ಫೆರೆರ್ 1969ರಿಂದ ಬೆಳೆಸಿದ ಸೇವಾಸಂಸ್ಥೆಯು ಹಳ್ಳಿಗಳ ಯುವಕಯುವತಿಯರಿಗೆ ಪರದೇಶೀ ಭಾಷೆಗಳನ್ನು ಕಲಿಸುವುದು. ಅವರ ಗುರಿಯು ಉದ್ಯೋಗ, ಚರಿತ್ರೆಯಲ್ಲ. ಬಳ್ಳಾರಿಯಲ್ಲಿ 2010ರಲ್ಲಿ ಏರ್ಪಟ್ಟ ವಿಶ್ವವಿದ್ಯಾಲಯವು ಕೃಷ್ಣದೇವರಾಯನ ಹೆಸರನ್ನೇ ಹೊತ್ತಿರುವುದು. ಲೋಪಿಸನ ಮುದ್ರಿತ ಪಾಠವನ್ನು ಎದುರಿಗಿಟ್ಟುಕೊಂಡು, ಇಂಗ್ಲಿಷಿನ ನಡುವಣ ಮೆಟ್ಟಿಲಿಲ್ಲದೆ, ಸ್ಥಳನಾಮಗಳ ವಿಮರ್ಶೆಯೊಡನೆ ನೂನಿಜನನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಆ ಪೀಠವೇ ತಕ್ಕುದು. ಕಂಪ್ಲಿ, ಕುರುಗೋಡು, ಸಿರುಗುಪ್ಪಗಳ ವಿದ್ಯಾರ್ಥಿಗಳು ಅಲ್ಲಿಗೆ ದೂರದವರಲ್ಲ.