ಕರೆಂಟಿನ ದರ ಕಟ್ಟುವವರನ್ನು ಆರಿಸುವವರು ಯಾರು?

ಚಡಚಣದಿಂದ ಗಡಿ ದಾಟಿದರೆ ಸೊಲ್ಲಾಪುರ ಜಿಲ್ಲೆ. ಈಚೆ ಹೆಸ್ಕಾಂ ಲೈನು, ಆಚೆ ಮಹಾರಾಷ್ಟ್ರದ ಲೈನು. ದರ ಬೇರೆ, ಬಿಲ್ಲಿನ ಭಾಷೆ ಬೇರೆ. ಆದರೆ ದರ ಕಟ್ಟುವವರನ್ನು ಆರಿಸುವ ರೀತಿ ಮಾತ್ರ ಎರಡೂ ಕಡೆ ಒಂದೇ. ಯಾವ ರೀತಿ ಅಂತ ಕೇಳಿ ನೋಡಿ, ಕಟ್ಟೆ ಮೇಲೆ ಕೂತವರು ಮುಖ ಮುಖ ನೋಡಿಕೊಳ್ಳುತ್ತಾರೆ.

ಕೆಇಬಿ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ದರ ಏರುವುದೂ ನಿಲ್ಲುವುದೂ ವಿಧಾನಸೌಧದ ಮರ್ಜಿ. 1996ರಲ್ಲಿ ಒಡಿಶಾ ದೇಶದಲ್ಲೇ ಮೊದಲು ವಿದ್ಯುತ್ ನಿಯಂತ್ರಣ ಆಯೋಗ ಮಾಡಿತು. 1999ರಲ್ಲಿ ನಮ್ಮಲ್ಲೂ ಸುಧಾರಣಾ ಕಾಯ್ದೆ ಬಂತು. ಕೆಇಬಿ ಹೋಗಿ ಕೆಪಿಟಿಸಿಎಲ್ ಆಯಿತು, ನವೆಂಬರ್‌ನಲ್ಲಿ ಕೆಇಆರ್‌ಸಿ ಹುಟ್ಟಿತು. 2002ರಲ್ಲಿ ಹುಬ್ಬಳ್ಳಿಯ ಹೆಸ್ಕಾಂ.

ಈಗ ಆಯ್ಕೆಯ ವಿಷಯಕ್ಕೆ ಬರೋಣ. 2003ರ ವಿದ್ಯುತ್ ಕಾಯ್ದೆಯ 85ನೇ ಕಲಂ ಪ್ರಕಾರ ಸಮಿತಿಯಲ್ಲಿ ಮೂವರು: ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಆಗಿದ್ದವರು ಅಧ್ಯಕ್ಷರು, ಜೊತೆಗೆ ರಾಜ್ಯದ ಮುಖ್ಯ ಕಾರ್ಯದರ್ಶಿ, ಕೇಂದ್ರದ ಒಂದು ವಿದ್ಯುತ್ ಸಂಸ್ಥೆಯ ಮುಖ್ಯಸ್ಥರು. ಒಂದು ಜಾಗಕ್ಕೆ ಎರಡು ಹೆಸರು ಕೊಡುತ್ತಾರೆ, ಸರ್ಕಾರ ಒಂದನ್ನು ಹಿಡಿಯುತ್ತದೆ. ಅವಧಿ ಐದು ವರ್ಷ, ವಯಸ್ಸು 65 ದಾಟುವಂತಿಲ್ಲ. ಆಯೋಗದಲ್ಲಿ ಕಾನೂನು ಬಲ್ಲವರು ಒಬ್ಬರಾದರೂ ಇರಲೇಬೇಕು ಅಂತ 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಇದರ ಬಿಸಿ ತಟ್ಟಿದ್ದು 2023ರಲ್ಲಿ. ಮತದಾನ ಮುಗಿದಿತ್ತು, ಎಣಿಕೆ ಮರುದಿನ. ಮೇ 12ರಂದು ಆಯೋಗದ ಆದೇಶ ಬಂತು: ಯೂನಿಟ್‌ಗೆ ಸರಾಸರಿ 70 ಪೈಸೆ ಏರಿಕೆ, ಅದೂ ಏಪ್ರಿಲ್ 1ರಿಂದಲೇ! ಜೂನ್‌ನಲ್ಲಿ ಬಿಲ್ಲು ಕೈಗೆ ಬಂದಾಗ ಹೋದವರು ಬಂದವರತ್ತ, ಬಂದವರು ಹೋದವರತ್ತ ಬೊಟ್ಟು ಮಾಡಿದರು. ಆಯೋಗದವರು ಯಾರ ಓಟನ್ನೂ ಕೇಳಿದವರಲ್ಲವಲ್ಲ!

ಹಾಗಾದರೆ ಅವರನ್ನೂ ಚುನಾಯಿಸೋಣವೇ? ಅಮೆರಿಕದ ಜಾರ್ಜಿಯಾ, ಅರಿಜೋನಾಗಳಲ್ಲಿ ಜನರೇ ಆರಿಸುತ್ತಾರೆ. ನ್ಯೂ ಮೆಕ್ಸಿಕೋದಲ್ಲೂ ಐವರನ್ನು ಜನ ಆರಿಸುತ್ತಿದ್ದರು. ಆದರೆ 2020ರ ನವೆಂಬರ್‌ನಲ್ಲಿ ಅದೇ ಜನ ಓಟು ಹಾಕಿ ಆ ಪದ್ಧತಿ ಬಿಟ್ಟರು. 2023ರಿಂದ ಅಲ್ಲಿ ಮೂವರು, ಗವರ್ನರ್ ನೇಮಕ. ನನ್ನ ಮಟ್ಟಿಗೆ ಕರೆಂಟಿನ ದರವನ್ನು ಪ್ರಚಾರದ ವೇದಿಕೆಗೆ ತರುವುದು ಬೇಡ. ಕೆಇಬಿ ಕಾಲದಲ್ಲಿ ಅದರ ರುಚಿ ನೋಡಿದ್ದೇವೆ.

ಆದರೂ ಒಂದು ಮಾತು. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2400 ಮೆಗಾವ್ಯಾಟ್ ಸ್ಥಾವರವಿದೆ, ಆಲಮಟ್ಟಿಯಲ್ಲಿ 290. ಹೊಗೆಯೂ ಇಲ್ಲಿಯದೇ, ಮುಳುಗಿದ ಹೊಲಗಳೂ ಇಲ್ಲಿಯವೇ. ದರದ ಮೇಲೆ ಆಕ್ಷೇಪಣೆ ಸಲ್ಲಿಸಲು ಕಾಯ್ದೆ ಇಂಡಿ, ಚಡಚಣದ ಗ್ರಾಹಕನಿಗೂ ಅವಕಾಶ ಕೊಟ್ಟಿದೆ. ಸಮಿತಿ ಕೊಡುವ ಆ ಎರಡು ಹೆಸರುಗಳ ಮೇಲೆ ಕೊಟ್ಟಿಲ್ಲ, ಅವನ್ನು ಜನರ ಮುಂದಿಡಬೇಕು ಅಂತಲೂ ಆ ಕಲಂ ಹೇಳುವುದಿಲ್ಲ. ನೇಮಕಕ್ಕೆ ಮೊದಲೇ ಹೆಸರು ಪ್ರಕಟಿಸಿ ಅಂತ ಈ ಭಾಗದ ಶಾಸಕರು ಬೆಳಗಾವಿ ಅಧಿವೇಶನದಲ್ಲಿ ಎದ್ದು ಕೇಳಲಿ.