ಬಿಟ್ಟ ಅಂಗಿಯ ಬೆಲೆ

ನಮ್ಮ ಯರಗಟ್ಟಿಯ ಸಂತೆಯಲ್ಲಿ ಕಾಯಿಪಲ್ಲೆಯ ಸಾಲು ಮುಗಿದ ಮೇಲೆ ಒಂದು ತಾಡಪತ್ರಿ ಹಾಸಿರುತ್ತದೆ. ಅದರ ಮೇಲೆ ಮೊಣಕಾಲೆತ್ತರದ ಅರಿವೆಯ ಗುಡ್ಡೆ. ಝಬಲಾ, ಫ್ರಾಕು, ಚೊಣ್ಣ, ಯಾರದೋ ಹುಟ್ಟುಹಬ್ಬಕ್ಕೆ ಹೊಲಿಸಿದ್ದಿರಬಹುದಾದ ಜರಿಯಂಚಿನ ಲಂಗ, ಎಲ್ಲ ಅಲ್ಲಿ ಒಂದರ ಮೇಲೊಂದು ಬಿದ್ದಿರುತ್ತವೆ. ‘ಯಾವದರ ತಗೋರಿ, ಐವತ್ತ ರೂಪಾಯಿ’ ಎಂದು ಮಾರುವಾಕೆ ಕೂಗುತ್ತಿದ್ದಳು. ನನ್ನ ಜೊತೆಗೆ ಬಂದಿದ್ದ ನೆರೆಮನೆಯ ಅಕ್ಕ ಒಂದು ಫ್ರಾಕನ್ನು ಎತ್ತಿ ನೋಡಿ, ಹೊಲಿಗೆ ಎಳೆದು ನೋಡಿ, ಮತ್ತೆ ಗುಡ್ಡೆಗೆ ಒಗೆದು, ‘ಪುಕ್ಕಟ ಬಂದ ಮಾಲಿಗೆ ಐವತ್ತ ಅಂತ ನೋಡ್ರಿ ಟೀಚರ’ ಎಂದರು.

ಪುಕ್ಕಟೆ ಬಂದದ್ದೇ? ಮನೆಗೆ ಬರುವವರೆಗೂ ಆ ಮಾತು ನನ್ನನ್ನು ಬಿಡಲಿಲ್ಲ. ಅದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ.

ಬಿಟ್ಟ ಅರಿವೆ, ಎಂದರೆ ಒಬ್ಬರು ತೊಟ್ಟು ಬಿಟ್ಟದ್ದು, ನಮ್ಮ ಸೀಮೆಯಲ್ಲಿ ಎಂದೂ ಕೀಳಾಗಿರಲಿಲ್ಲ. ಹುಟ್ಟಿದ ಕೂಸಿಗೆ ಮೊದಲು ಹೊಸ ಅರಿವೆ ಹಾಕಬಾರದು, ಅಜ್ಜಿಯ ಹಳೇ ನೂಲಿನ ಸೀರೆಯಲ್ಲಿಯೇ ಸುತ್ತಬೇಕು ಎಂಬುದು ಪದ್ಧತಿ. ನೂರು ಸಲ ಒಗೆದ ಸೀರೆಯಷ್ಟು ಮೆತ್ತಗಿನ ಬಟ್ಟೆ ಯಾವ ಗಿರಣಿಯಲ್ಲೂ ಹುಟ್ಟುವುದಿಲ್ಲ. ಗುಳೇದಗುಡ್ಡದ ಖಣದಲ್ಲಿ ಹೊಲಿದ ಕುಂಚಿಗೆ ಅಕ್ಕನ ಮಗನಿಂದ ತಂಗಿಯ ಮಗಳಿಗೆ, ಅಲ್ಲಿಂದ ಮೊಮ್ಮಗನಿಗೆ ದಾಟುತ್ತ ಹೋಗುತ್ತಿತ್ತು. ಹಿಂದಿನ ಕೂಸುಗಳು ಉಳಿಯದ ಮನೆಯಲ್ಲಂತೂ ಬೇಡಿ ತಂದ ಅಂಗಿಯನ್ನೇ ತೊಡಿಸುತ್ತಿದ್ದರು. ಯಮನ ಕಣ್ಣಿಗೆ ಈ ಕೂಸು ಯಾರಿಗೂ ಬೇಡಾದದ್ದು ಎಂದು ಕಾಣಲಿ ಎಂಬ ಆಸೆ. ತಿಪ್ಪಣ್ಣ, ತಿಪ್ಪವ್ವ ಎಂಬ ಹೆಸರುಗಳೂ ಅದೇ ಹೆದರಿಕೆಯಿಂದ ಬಂದವು. ಇಲ್ಲೆಲ್ಲಿಯೂ ದುಡ್ಡಿನ ಮಾತೇ ಇರಲಿಲ್ಲ. ಕುಂಚಿಗೆಯನ್ನು ಮಾರಿದರು ಎಂದರೆ ಆ ಮನೆ ಕೆಟ್ಟಿತು ಎಂದೇ ಅರ್ಥ.

ಕೂಸು ನಡೆಯಲು ಕಲಿತ ಮೇಲೆ ಬಹಳ ಮನೆಗಳಲ್ಲಿ ಉಡದಾರವೇ ಉಡುಗೆ. ಇದು ಬಡತನದ ಮಾತಷ್ಟೇ ಅಲ್ಲ. ಹೊಲಿದ ಅಂಗಿ-ಚೊಣ್ಣ ದಿನವೂ ಬೇಕು ಎಂಬ ಅಗತ್ಯವನ್ನು ಹಳ್ಳಿಗೆ ತಂದವರಲ್ಲಿ ನಾವು ಸಾಲಿ ಮಾಸ್ತರರೇ ಮುಖ್ಯರು. ಸಾಲಿಗೆ ಹೆಸರು ಹಚ್ಚುವಾಗ ಮೈಮುಚ್ಚಲು ಒಂದು ಅಂಗಿ ಬೇಕಾಯಿತು, ಅದು ಒಗೆದು ಒಣಗುವವರೆಗೆ ಇನ್ನೊಂದು ಬೇಕಾಯಿತು.

ಅರಿವೆ ಎಷ್ಟು ದುಬಾರಿಯಾಗಿತ್ತು ಎಂಬುದು ಇಂದಿನವರಿಗೆ ತಿಳಿಯುವುದು ಕಷ್ಟ. ಬೈಲಹೊಂಗಲದ ಪೇಟೆಗೆ ಗಾಡಿಗಟ್ಟಲೆ ಹತ್ತಿ ಬರುತ್ತಿದ್ದ ಸೀಮೆ ನಮ್ಮದು. ಗೋಕಾಕದ ಗಿರಣಿ 1885ರಲ್ಲಿಯೇ ಸ್ಥಾಪನೆಯಾದದ್ದು. 1924ರಲ್ಲಿ ಬೆಳಗಾವಿಯ ಕಾಂಗ್ರೆಸ್ಸಿಗೆ ಅಧ್ಯಕ್ಷರಾಗಿ ಬಂದ ಗಾಂಧೀಜಿ 1937ರಲ್ಲಿ ಹುದಲಿಗೂ ಬಂದರು. ಹುದಲಿ ಇಂದಿಗೂ ಖಾದಿಯ ಊರು. ಆದರೂ ಹತ್ತಿ ಬೆಳೆದವನ ಮಗನ ಮೈಮೇಲೆ ಅಂಗಿ ಇರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದು ಇನ್ನೂ ಬಿಗಡಾಯಿಸಿತು. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಇಲಾಖೆಯಲ್ಲಿತ್ತು. 1943ರಲ್ಲಿ ಸರಕಾರ ಅರಿವೆ ಮತ್ತು ನೂಲಿನ ಮೇಲೆ ಕಂಟ್ರೋಲು ತಂದಿತು. 1948ರ ಜನವರಿಯಲ್ಲಿ ಅದನ್ನು ತೆಗೆದೊಡನೆ ಬೆಲೆ ಗಗನಕ್ಕೇರಿ, ಅದೇ ವರ್ಷ ಮತ್ತೆ ಹೇರಬೇಕಾಯಿತು. ‘ಕಂಟ್ರೋಲ ಅರಿವಿ’ ಎಂದು ನಮ್ಮಜ್ಜಿ ಸಾಯುವವರೆಗೂ ಹೇಳುತ್ತಿದ್ದಳು, ಒರಟು ಬಟ್ಟೆ ಯಾವುದನ್ನು ಕಂಡರೂ ಅದೇ ಹೆಸರು. ಆ ದಿನಗಳಲ್ಲಿ ಹಳೆಯ ಧೋತರದಲ್ಲಿ ಎರಡು ಅಂಗಿ, ಅಂಗಿ ಹರಿದ ಮೇಲೆ ಕೌದಿಯ ತ್ಯಾಪಿ, ಕೌದಿ ಹರಿದ ಮೇಲೆ ಒಲೆಯ ಮುಂದಿನ ಮಸಿಅರಿವೆ, ಹೀಗೆ ಒಂದು ಬಟ್ಟೆ ನಾಲ್ಕು ಜನ್ಮ ತಳೆಯುತ್ತಿತ್ತು.

ಹಳೆ ಅರಿವೆಗೆ ಬೆಲೆ ಕಟ್ಟಲು ನಮ್ಮ ಬಾಗಿಲಿಗೆ ಬಂದವಳು ಭಾಂಡಿ ಮಾರುವಾಕೆ. ಮರಾಠಿಯಲ್ಲಿ ಆಕೆಗೆ ಬೋಹಾರೀಣ ಎಂದು ಹೆಸರೇ ಇದೆ. ಗುಜರಾತಿನಿಂದ ಹೋದ ವಾಘ್ರಿ ಸಮಾಜದ ಹೆಂಗಸರು ದಿಲ್ಲಿಯಲ್ಲಿಯೂ ಇದೇ ವ್ಯಾಪಾರ ಮಾಡುತ್ತಾರೆ. ಲೂಸಿ ನಾರಿಸ್ ಎಂಬ ವಿದುಷಿ ಅವರ ಜೊತೆ ಓಡಾಡಿ ಬರೆದ ಪುಸ್ತಕ 2010ರಲ್ಲಿ ಬಂದಿದೆ. ನಾನು ಚಿಕ್ಕವಳಿದ್ದಾಗ, ಎಂದರೆ 1970ರ ದಶಕದಲ್ಲಿ, ನಮ್ಮ ಓಣಿಗೆ ಬರುತ್ತಿದ್ದಾಕೆಯ ಬುಟ್ಟಿಯಲ್ಲಿ ಥಳಥಳ ಹೊಳೆಯುವ ಸ್ಟೀಲಿನ ಭಾಂಡಿ. ಕಟ್ಟೆಯ ಮೇಲೆ ಕುಳಿತು ಅವಳು ಒಂದೊಂದೇ ಅರಿವೆಯನ್ನು ಬಿಸಿಲಿಗೆ ಹಿಡಿದು ನೋಡುವಾಗ ಅವ್ವನ ಮುಖ ಸಾಲಿಯ ಪರೀಕ್ಷೆಗೆ ಕುಳಿತವರ ಹಾಗೆ ಇರುತ್ತಿತ್ತು. ನೂಲಿನ ಸೀರೆಗೆ ಅವಳ ಹತ್ತಿರ ಕಿಮ್ಮತ್ತಿಲ್ಲ. ಟೆರಿಕಾಟಿನ ಪ್ಯಾಂಟು, ಶರ್ಟು ಇದ್ದರೆ ಕಣ್ಣು ಅರಳುತ್ತಿತ್ತು. ಜರಿಯ ಸೀರೆಯಾದರೆ ಸೆರಗನ್ನು ಉಗುರಿನಿಂದ ಕೆರೆದು ನೋಡುತ್ತಿದ್ದಳು, ಸುಟ್ಟರೆ ಬೆಳ್ಳಿ ಬಂದೀತೇ ಎಂದು. ಅವ್ವನಿಗೋ ಇದಕ್ಕೆ ತಿರುಗಾಮುರುಗಾ ಲೆಕ್ಕ: ಟೆರಿಕಾಟು ಬೆವರು ಹೀರುವುದಿಲ್ಲ, ಕೌದಿಗೆ ಬಾರದು, ಹೋಗಲಿ; ನೂಲಿನದು ಮನೆಯಲ್ಲಿರಲಿ. ಹೀಗೆ ಇಬ್ಬರಿಗೂ ಬೇಡಾದದ್ದು ಕೈ ಬದಲಾಗಿ ಇಬ್ಬರಿಗೂ ಲಾಭವಾದ ಹಾಗೆ ಕಾಣುತ್ತಿತ್ತು. ನಾಲ್ಕು ಪ್ಯಾಂಟಿಗೆ ಒಂದು ಪಾತೇಲಿ ಎಂದರೆ ಅದು ಸರಿಯೇ, ಮೋಸವೇ ಎಂದು ಓಣಿಯ ಹೆಂಗಸರೆಲ್ಲ ಸೇರಿ ತೀರ್ಪು ಕೊಡುತ್ತಿದ್ದರು.

ಅದೇ ಬುಟ್ಟಿಯಿಂದ ನನಗೂ ಒಂದು ಪರಕಾರ ಬಂತು. ಹಸಿರು, ಕೆಳಗೆ ಬಿಳಿ ನಾಡಿ. ಅವ್ವ ಅದಕ್ಕೆ ಎರಡು ಸೇರು ಜೋಳ ಅಳೆದು ಕೊಟ್ಟಿದ್ದಳು. ನಾಲ್ಕನೆಯ ಇಯತ್ತೆಯಲ್ಲಿದ್ದೆ. ಉಟ್ಟುಕೊಂಡು ಹೋದ ಮೊದಲ ದಿನವೇ ಒಬ್ಬ ಹುಡುಗಿ ಎದ್ದು ನಿಂತು, ‘ಅಯ್ಯ, ಅದು ನಂದು! ನಮ್ಮವ್ವ ಭಾಂಡಿಯಾಕಿಗೆ ಹಾಕಿದ್ದು’ ಎಂದಳು. ವರ್ಗವೆಲ್ಲ ನಕ್ಕಿತು. ಸಂಜೆ ಅತ್ತುಕೊಂಡು ಬಂದು ಹೇಳಿದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ‘ಬೇಡಿ ತಂದೇನೇನ ನಾ? ಜ್ವಾಳ ಅಳದ ಕೊಟ್ಟೇನಿ. ಆಕಿ ಹಾಕಿದ್ದು ಆಕೀದು, ನೀ ಉಟ್ಟಿದ್ದು ನಿಂದು’ ಎಂದಳು. ಮರುದಿನವೂ ಅದನ್ನೇ ಉಟ್ಟುಕೊಂಡು ಹೋದೆ.

ಇಂಗ್ಲೆಂಡಿನಲ್ಲಿ ದಾನದ ಹಳೆ ಬಟ್ಟೆ ಮಾರುವ ಅಂಗಡಿಗಳ ಕುರಿತು ಓದಿದಾಗ ನನಗೆ ಅವ್ವನ ಈ ಮಾತು ನೆನಪಾಯಿತು. ಅಲ್ಲಿ 1941ರ ಜೂನಿನಿಂದ ಬಟ್ಟೆಗೆ ರೇಷನ್ನು ಬಂತು. ಮಕ್ಕಳೋ ರೇಷನ್ನಿಗೆ ಕಾಯದೆ ಬೆಳೆಯುವವರು. ಆಗ ಮಹಿಳಾ ಸ್ವಯಂಸೇವಾ ಸಂಘದವರು ಮಕ್ಕಳ ಬಟ್ಟೆಯ ವಿನಿಮಯ ಕೇಂದ್ರಗಳನ್ನು ತೆರೆದರು. ತಾಯಂದಿರು ಚಿಕ್ಕದಾದ ಅಂಗಿ ತಂದರೆ ಅದಕ್ಕೆ ಇಷ್ಟು ಅಂಕ ಎಂದು ಕೊಡುವರು. ಆ ಅಂಕಕ್ಕೆ ದೊಡ್ಡದನ್ನು ಆರಿಸಿಕೊಳ್ಳಬಹುದು. ಯಾರೂ ಯಾರ ಉಪಕಾರವನ್ನೂ ಹೊರಬೇಕಿಲ್ಲ. ಇದೇ ಯುದ್ಧಕಾಲದಲ್ಲಿ, 1942ರಲ್ಲಿ, ಗ್ರೀಸ್ ದೇಶದ ಬರಗಾಲಕ್ಕೆ ನೆರವಾಗಲೆಂದು ಆಕ್ಸ್‌ಫರ್ಡ್ ಊರಿನಲ್ಲಿ ಒಂದು ಸಮಿತಿ ಹುಟ್ಟಿತು. ಮುಂದೆ ಆಕ್ಸ್‌ಫ್ಯಾಮ್ ಎಂದು ಹೆಸರಾದ ಈ ಸಂಸ್ಥೆ ಬ್ರಾಡ್ ಸ್ಟ್ರೀಟಿನಲ್ಲಿ ಅಂಗಡಿ ತೆರೆಯಿತು. 1951ರಲ್ಲಿ ನಮ್ಮ ಬಿಹಾರದ ಬರಗಾಲಕ್ಕೂ ಅದರ ನೆರವು ಬಂತು.

ಆದರೆ ಇಂಥ ಅಂಗಡಿಗೆ ಒಂದು ಇಕ್ಕಟ್ಟಿದೆ. ಅದು ಮಾರುವುದು ಎದುರಿಗೆ ನಿಂತ ತಾಯಿಗೆ, ದುಡಿಯುವುದು ದೂರದ ಹಸಿದವರಿಗೆ. ಬೆಲೆ ಏರಿಸಿದರೆ ದೂರದವರಿಗೆ ಹೆಚ್ಚು ಹಣ, ಇಳಿಸಿದರೆ ಎದುರಿಗಿನ ಬಡ ತಾಯಿಗೆ ಅನುಕೂಲ. ಇಬ್ಬರೂ ಬಡವರೇ. ಪುಕ್ಕಟೆ ಬಂದದ್ದಕ್ಕೆ ಇಷ್ಟೇಕೆ ಎಂದು ಅಲ್ಲಿಯ ಹೆಂಗಸರೂ ನಮ್ಮ ನೆರೆಮನೆಯ ಅಕ್ಕನ ಹಾಗೆಯೇ ಗೊಣಗುತ್ತಾರೆ. ಅಲ್ಲಿ ಮಾರಾಟವಾಗದೆ ಉಳಿದದ್ದು ತೂಕದ ಲೆಕ್ಕದಲ್ಲಿ ಹಡಗು ಹತ್ತುತ್ತದೆ. ಗುಜರಾತಿನ ಕಾಂಡ್ಲಾದಲ್ಲಿ ಹೊರದೇಶದ ಹಳೆ ಬಟ್ಟೆಗಳನ್ನು ವಿಂಗಡಿಸುವ ಕಾರಖಾನೆಗಳಿವೆ. ಪಾಣಿಪತ್ತಿನಲ್ಲಿ ಹಳೆ ಉಣ್ಣೆಯನ್ನು ಹಿಂಜಿ ಮತ್ತೆ ನೂಲು ತೆಗೆದು ಕಂಬಳಿ ಮಾಡುತ್ತಾರೆ. ಯಾರೋ ಧರ್ಮಕ್ಕೆಂದು ಕೊಟ್ಟದ್ದು ಎಲ್ಲಿ ಸರಕಾಯಿತು ಎಂದು ಗೆರೆ ಎಳೆಯುವುದು ಕಷ್ಟ.

ನಾನು ಗೆರೆಯ ಈಚೆ ಬದಿಯನ್ನೂ ಕಣ್ಣಾರೆ ನೋಡಿದ್ದೇನೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಹಳ್ಳಿಗಳಿಗೆ ನುಗ್ಗಿದಾಗ ಒಂದು ಪರಿಹಾರ ಕೇಂದ್ರದಲ್ಲಿ ಅರಿವೆ ಹಂಚುವ ಕೆಲಸಕ್ಕೆ ಹೋಗಿದ್ದೆ. ಲಾರಿಗಟ್ಟಲೆ ಬಂದಿತ್ತು. ಕಳಿಸಿದವರ ಮನಸ್ಸು ದೊಡ್ಡದು, ಆದರೆ ಗಂಟು ಬಿಚ್ಚಿದರೆ ಝಿಪ್ಪು ಹೋದ ಚೊಣ್ಣ, ಒಂದೇ ಕಾಲಿನ ಕಾಲುಚೀಲ, ಒಗೆಯದ ಅಂಗಿ. ಹೆಂಗಸರು ದೂರ ನಿಂತು ನೋಡುತ್ತಿದ್ದರು. ಕೂಸನ್ನು ಎತ್ತಿಕೊಂಡ ಒಬ್ಬ ತಾಯಿ ಹತ್ತಿರ ಬಂದು ಒಂದು ಕೆಂಪು ಸ್ವೆಟರನ್ನು ಮುಟ್ಟಿ, ‘ಇದಕ್ಕ ಎಷ್ಟ ಕೊಡಬೇಕ್ರಿ ಅಕ್ಕಾರ?’ ಎಂದು ಕೇಳಿದಳು. ಪುಕ್ಕಟೆ ಎಂದೆ. ಅವಳು ಕೈ ಹಿಂದೆ ತೆಗೆದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ, ಹಂಚುವವರು ಕೊಟ್ಟ ಬೇರೊಂದು ಅಂಗಿಯನ್ನು ಮಾತಿಲ್ಲದೆ ಹಿಡಿದುಕೊಂಡು ಹೋದಳು. ಮನೆ, ಕಾಳು, ದನ ಎಲ್ಲ ನೀರಿಗೆ ಹೋದವಳಿಗೆ ಇದು ಬೇಡ, ಅದು ಬೇಕು ಎನ್ನುವ ಬಾಯಿಯೂ ಹೋಗಿತ್ತು. ದುಡ್ಡು ಕೊಡುವವಳಾಗಿದ್ದರೆ ಕೆಂಪು ಸ್ವೆಟರನ್ನೇ ಒಯ್ಯುತ್ತಿದ್ದಳು.

ಹಾಗೆಂದು ಸಂತೆಯ ಐವತ್ತು ರೂಪಾಯಿ ನ್ಯಾಯವೇ? ಪೂರ್ತಿ ಅಲ್ಲ. ಆ ಮುಂದಿನ ವಾರ ಮಾರುವಾಕೆಯ ಹತ್ತಿರ ಕುಳಿತು ಕೇಳಿದೆ. ಭಾಂಡಿಗೆ ಹಾಕಿದ ಬಂಡವಾಳ, ಒಗೆಯುವ ಸಾಬೂನು, ಗುಂಡಿ, ದಾರ, ಇಸ್ತ್ರಿ, ಮಾರದೆ ಉಳಿದದ್ದು ಎಲ್ಲ ಅವಳ ತಲೆಯ ಮೇಲೆ. ‘2023ರಿಂದ ನಮಗ ಬಸ್ಸ ಫ್ರೀ ಆತ್ರಿ, ಈ ಗಂಟಿಗೆ ಆಗಿಲ್ಲ’ ಎಂದು ನಕ್ಕಳು. ಅವಳಿಗೆ ಪುಕ್ಕಟೆ ಬಂದದ್ದು ಯಾವುದೂ ಇಲ್ಲ. ಆದರೆ ಎಲ್ಲಕ್ಕೂ ಒಂದೇ ಬೆಲೆ ಎನ್ನುವುದು ನನಗೆ ಒಪ್ಪಿಗೆಯಾಗದು. ಆರು ತಿಂಗಳ ಕೂಸಿನ ಝಬಲಾ ಹಳತಾಗುವ ಮೊದಲೇ ಚಿಕ್ಕದಾಗಿರುತ್ತದೆ, ಹೊಸದರಂತೆಯೇ ಇರುತ್ತದೆ. ಎಂಟು ವರ್ಷದ ಹುಡುಗನ ಚೊಣ್ಣ ಕುಂಡಿಯ ಕಡೆ ಜಾಳಾಗದೆ ಬಿಡುಗಡೆಯಾಗುವುದೇ ಇಲ್ಲ. ಸಾಲಿಗೆ ಹೋಗುವ ಮಕ್ಕಳಿರುವ ತಾಯಿಗೆ, ಎಂದರೆ ಹೆಚ್ಚು ಅರಿವೆ ಬೇಕಾದವಳಿಗೆ, ಅದೇ ಐವತ್ತಕ್ಕೆ ಕಡಿಮೆ ಬಾಳಿಕೆಯದು ಸಿಗುತ್ತದೆ.

ನಮ್ಮ ಸಾಲಿಯಲ್ಲಿ ಚಿಕ್ಕದಾದ ಸಮವಸ್ತ್ರಗಳನ್ನು ಒಂದು ಪೆಟ್ಟಿಗೆಯಲ್ಲಿಡುವ ಏರ್ಪಾಡು ಮಾಡಿದೆವು. ಸರಕಾರದಿಂದ ಬರುವುದು ಬಂದೇ ಬರುತ್ತದೆ, ಮಕ್ಕಳು ಅಲ್ಲಿಯ ತನಕ ಹರಿದುಕೊಳ್ಳದೆ ಇರುವುದಿಲ್ಲ. ಪುಕ್ಕಟೆ ಎಂದು ಬರೆದಾಗ ಪೆಟ್ಟಿಗೆಯ ಹತ್ತಿರ ಒಬ್ಬರೂ ಸುಳಿಯಲಿಲ್ಲ. ಹತ್ತು ರೂಪಾಯಿ ಎಂದು ಬರೆಯೋಣ, ಆ ಹಣದಲ್ಲಿ ಗುಂಡಿ-ದಾರ ತರೋಣ ಎಂದೆ. ದಾನ ಬಂದದ್ದನ್ನು ಮಾರುವುದು ಪಾಪ ಎಂದು ಒಬ್ಬ ಸಹೋದ್ಯೋಗಿ ಸಿಟ್ಟಾದರು; ಇಂದಿಗೂ ಅವರ ಸಿಟ್ಟು ಇಳಿದಿಲ್ಲ, ಅವರ ಮಾತು ಪೂರ್ತಿ ತಪ್ಪೆಂದು ನನಗೂ ಅನಿಸಿಲ್ಲ. ಹತ್ತೂ ಇಲ್ಲದ ಮನೆಗಳು ಇವೆ.

ಹೋದ ಜೂನಿನಲ್ಲಿ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದು, ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಬೆಂಚಿನ ಮೇಲೆ ಹರವಿ, ನಾಲ್ಕು ಅಂಗಿಗಳನ್ನು ಮಗಳ ಬೆನ್ನಿಗೆ ಹಿಡಿದು ಅಳತೆ ನೋಡಿ, ಮೂರನ್ನು ಬಿಟ್ಟು ಒಂದನ್ನು ಆರಿಸಿದಳು. ‘ಟೀಚರ, ಇದಕ್ಕ ಎರಡ ಗುಂಡಿ ಇಲ್ಲರಿ. ಹತ್ತ ಹೆಂಗ ಆಗತೈತಿ? ಐದ ಕೊಡತೇನಿ’ ಎಂದಳು. ಆಗುವುದಿಲ್ಲ ಎಂದೆ. ಆರು ಎಂದಳು. ಕೊನೆಗೆ ಏಳಕ್ಕೆ ಮುಗಿಸಿದೆವು. ಗುಂಡಿ ನಾನು ಕೊಟ್ಟೆ, ಹಚ್ಚಿಕೊಳ್ಳುವುದು ಅವಳ ಪಾಲಿಗೆ.