ಸೇಬು ಮೂಡುವ ಮುಂಚಿನ ಕತ್ತಲು

ಕಳೆದ ಆಯುಧಪೂಜೆಗೆ ನಮ್ಮ ಮನೆಯಲ್ಲಿ ಪೂಜೆ ಮಾಡಿಸಿಕೊಂಡ ಆಯುಧ ಒಂದೇ: ಪುಣೆಯಲ್ಲಿ ಬಾಗಿಲು ಮುಚ್ಚಿದ ಒಂದು ವಿಡಿಯೋ ಸ್ಟುಡಿಯೋದಿಂದ ಸೆಕೆಂಡ್ ಹ್ಯಾಂಡ್ ಕೊಂಡಿದ್ದ 2010ರ ಮ್ಯಾಕ್ ಪ್ರೊ. ಅಲ್ಯೂಮಿನಿಯಂ ಮೈಯ, ಸುಮಾರು 18 ಕಿಲೋ ತೂಗುವ ಪೆಟ್ಟಿಗೆ. ನನ್ನ ಅನುವಾದದ ಕೆಲಸವೆಲ್ಲ ಅದರ ಹೊಟ್ಟೆಯಲ್ಲಿದೆ. ಹಿಂದಿನ ದಿನ ಪಕ್ಕದ ಬಾಗಿಲು ತೆಗೆದು, ಬ್ರಷ್‌ನಿಂದ ಧೂಳು ಹೊಡೆದು, ಡಿಸ್ಕ್‌ಗಳ ಟ್ರೇಗಳನ್ನು ಎಳೆದು ಒರೆಸಿ ಮತ್ತೆ ಒಳಗೆ ತಳ್ಳಿದ್ದೆ. ಮೇಲೆ ಕುಂಕುಮ, ಒಂದು ಸೇವಂತಿಗೆ. ವಿಜಯದಶಮಿಯ ಬೆಳಿಗ್ಗೆ ಗುಂಡಿ ಒತ್ತಿದೆ. ಎಂದಿನ ಘಂಟೆಯ ಸದ್ದು ಬಂತು, ಫ್ಯಾನ್ ತಿರುಗಿತು. ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು.

ಹತ್ತು ನಿಮಿಷ ಕಾದೆ. ಆಫ್ ಮಾಡಿ ಆನ್ ಮಾಡಿದೆ. ಅದೇ ಸದ್ದು, ಅದೇ ಕಪ್ಪು. ನಾಲ್ಕು ದಿನದಲ್ಲಿ ಒಪ್ಪಿಸಬೇಕಿದ್ದ ಪುಸ್ತಕದ ಕೊನೆಯ ಎರಡು ಅಧ್ಯಾಯ ಒಳಗಿದ್ದವು. ಬ್ಯಾಕಪ್ ಮೂರು ವಾರ ಹಳೆಯದು, ತಪ್ಪು ನನ್ನದೇ. ಧಾರವಾಡದಿಂದ ಹಬ್ಬಕ್ಕೆಂದು ಫೋನ್ ಮಾಡಿದ ಅವ್ವ, "ಕುಂಕುಮ ಒಳಗ ಬಿದ್ದೈತೇನ ನೋಡವ್ವಾ" ಅಂದಳು.

ಏನಾಗಿತ್ತು ಅನ್ನುವುದನ್ನು ಕೊನೆಗೆ ಹೇಳುತ್ತೇನೆ. ಅದು ಅರ್ಥವಾಗಬೇಕಾದರೆ ಮೊದಲು ಒಂದು ಸಣ್ಣ ಪ್ರಶ್ನೆ ಕೇಳಿಕೊಳ್ಳಬೇಕು. ಕಂಪ್ಯೂಟರ್ ಆನ್ ಆದ ಮೊದಲ ಹತ್ತು ಸೆಕೆಂಡು ಪರದೆಯ ಮೇಲೆ ಬರೆಯುವವರು ಯಾರು?

ವಿಂಡೋಸ್ ಆಗಲಿ ಮ್ಯಾಕ್‌ಓಎಸ್ ಆಗಲಿ ಇರುವುದು ಡಿಸ್ಕ್‌ನಲ್ಲಿ. ಗ್ರಾಫಿಕ್ಸ್ ಕಾರ್ಡನ್ನು ಚೆನ್ನಾಗಿ ಬಲ್ಲ ಡ್ರೈವರ್ ಕೂಡ ಅಲ್ಲೇ ಇದೆ. ಅವೆಲ್ಲ ಎದ್ದು ಬರುವ ಮೊದಲು ಎಚ್ಚರವಾಗಿರುವುದು ಮದರ್‌ಬೋರ್ಡಿನ ಚಿಪ್‌ನಲ್ಲಿರುವ ಪುಟ್ಟ ತಂತ್ರಾಂಶ ಮಾತ್ರ, ಅಂದರೆ ಫರ್ಮ್‌ವೇರ್. ಯಾವುದೋ ಕಂಪನಿ ತಯಾರಿಸಿದ ಕಾರ್ಡಿನ ಮೂಲಕ ಪರದೆಗೆ ಬೆಳಕು ತರುವುದು ಅದರ ಹೊಣೆ. ಇಬ್ಬರಿಗೂ ತಿಳಿದ ಒಂದು ಭಾಷೆ ಇಲ್ಲದಿದ್ದರೆ ಇದು ಆಗದು.

1981ರ ಐಬಿಎಂ ಪಿಸಿಯಲ್ಲಿ ಇದು ಸಮಸ್ಯೆಯೇ ಆಗಿರಲಿಲ್ಲ. ಐಬಿಎಂ ಕೊಟ್ಟದ್ದು ಎರಡೇ ಬಗೆಯ ಕಾರ್ಡು; ಬಯಾಸ್ ಎಂಬ ಅದರ ಫರ್ಮ್‌ವೇರ್‌ಗೆ ಎರಡೂ ಗೊತ್ತಿದ್ದವು. 1984ರಲ್ಲಿ ಇಜಿಎ ಕಾರ್ಡು ಬಂದಾಗ ಹಳೆಯ ಬಯಾಸ್‌ಗೆ ಅದರ ಪರಿಚಯವಿರಲಿಲ್ಲ. ಆದ್ದರಿಂದ ಕಾರ್ಡು ತನ್ನ ಪರಿಚಯವನ್ನು ತಾನೇ ಹೊತ್ತು ತಂದಿತು. ಅದರ ಮೇಲಿನ ಒಂದು ಚಿಪ್‌ನಲ್ಲಿ ಪುಟ್ಟ ಪ್ರೋಗ್ರಾಂ ಇತ್ತು. ಬಯಾಸ್ ನಿಗದಿತ ವಿಳಾಸದಲ್ಲಿ ಹುಡುಕಿ, ಗುರುತಿನ ಎರಡು ಬೈಟ್ ಕಂಡರೆ ಅದನ್ನು ನಡೆಸುತ್ತಿತ್ತು. 1987ರ ವಿಜಿಎ ಇದೇ ದಾರಿ ಹಿಡಿಯಿತು. ಲ್ಯಾಮಿಂಗ್ಟನ್ ರೋಡಿನಲ್ಲೋ ರಿಚಿ ಸ್ಟ್ರೀಟಿನಲ್ಲೋ ಸಿಕ್ಕ ಯಾವುದೇ ಕಾರ್ಡನ್ನು ಯಾವುದೇ ಪಿಸಿಗೆ ಸಿಕ್ಕಿಸಿದರೂ ಅಕ್ಷರ ಮೂಡುತ್ತಿದ್ದದ್ದು ಈ ಒಪ್ಪಂದದಿಂದ.

ಆಪಲ್‌ನ ಕಥೆ ಬೇರೆ. 1984ರ ಮ್ಯಾಕಿಂಟಾಷ್‌ಗೆ ಕಾರ್ಡು ಸಿಕ್ಕಿಸುವ ಜಾಗವೇ ಇರಲಿಲ್ಲ. ಆನ್ ಮಾಡಿದರೆ ಸೂಸನ್ ಕೇರ್ ಬರೆದ ನಗುವ ಮ್ಯಾಕ್ ಕಾಣುತ್ತಿತ್ತು. ಅದು ಬರಿಯ ಅಲಂಕಾರವಲ್ಲ. ನಕ್ಕರೆ ಒಳಗಿನ ಪರೀಕ್ಷೆಗಳು ಪಾಸಾದವು ಎಂದರ್ಥ. ಇಲ್ಲವಾದರೆ ಅಳುಮೋರೆಯ ಮ್ಯಾಕ್, ಕೆಳಗೆ ಒಂದು ಸಂಕೇತ. ಬೂಟ್ ಪರದೆ ಮೊದಲಿನಿಂದಲೂ ಯಂತ್ರ ತನ್ನ ಒಡೆಯನಿಗೆ ಆರೋಗ್ಯ ತಿಳಿಸುವ ಜಾಗ.

ತೊಂಬತ್ತರ ದಶಕದ ನಡುವೆ ಮ್ಯಾಕ್‌ಗಳಿಗೆ ಪಿಸಿಐ ಸ್ಲಾಟ್ ಬಂತು. ಜೊತೆಗೆ ಓಪನ್ ಫರ್ಮ್‌ವೇರ್ ಬಂತು. ಸನ್ ಕಂಪನಿಯಲ್ಲಿ ಮಿಚ್ ಬ್ರಾಡ್ಲಿ ರೂಪಿಸಿದ, 1994ರಲ್ಲಿ ಮಾನಕವಾದ ವ್ಯವಸ್ಥೆ ಅದು. ಇದರಲ್ಲಿ ಕಾರ್ಡಿನ ಪ್ರೋಗ್ರಾಂ ಯಾವುದೇ ಪ್ರೊಸೆಸರ್‌ನ ಭಾಷೆಯಲ್ಲಿರುವುದಿಲ್ಲ, ಎಫ್‌ಕೋಡ್ ಎಂಬ ಮಧ್ಯದ ಭಾಷೆಯಲ್ಲಿರುತ್ತದೆ. ಭಾಷಾಶಾಸ್ತ್ರ ಓದಿದ ನನಗೆ ಈ ಕಲ್ಪನೆ ಇಂದಿಗೂ ಚೆಂದವೆನಿಸುತ್ತದೆ. ಆದರೆ ಪಿಸಿ ಕಾರ್ಡುಗಳು ಅದನ್ನು ಕಲಿಯುವ ಗೋಜಿಗೆ ಹೋಗಲಿಲ್ಲ. ಹಾಗಾಗಿ ಪಿಸಿ ಕಾರ್ಡನ್ನು ಹಾಕಿದರೆ ಮ್ಯಾಕ್‌ನಲ್ಲಿ ಅದು ಮೂಗ. ಅದೇ ಗ್ರಾಫಿಕ್ಸ್ ಚಿಪ್ ಇರುವ "ಮ್ಯಾಕ್ ಆವೃತ್ತಿ"ಯನ್ನು ಬೇರೆಯಾಗಿ ಕೊಳ್ಳಬೇಕಿತ್ತು. ಪಿಸಿ ಕಾರ್ಡಿನ ಚಿಪ್‌ಗೆ ಮ್ಯಾಕ್‌ನ ಪ್ರೋಗ್ರಾಂ ಬರೆದು ಅದರ ಬಾಯಿ ಬಿಡಿಸುವ ಕಸುಬು ಶುರುವಾದದ್ದು ಆಗಲೇ.

2006ರಲ್ಲಿ ಆಪಲ್ ಇಂಟೆಲ್ ಪ್ರೊಸೆಸರ್‌ಗೆ ಬದಲಾಯಿತು. ಪ್ರೊಸೆಸರ್ ಒಂದೇ ಆಯಿತು, ಇನ್ನು ಕಾರ್ಡಿನ ಜಗಳ ಮುಗಿಯಿತು ಎಂದು ಬಹಳ ಮಂದಿ ಅಂದುಕೊಂಡಿರಬೇಕು. ಮುಗಿಯಲಿಲ್ಲ. ಆಪಲ್ ಹಳೆಯ ಬಯಾಸ್ ಬಿಟ್ಟು, ಇಂಟೆಲ್ ತನ್ನ ಇಟೇನಿಯಂ ಸರ್ವರ್‌ಗಳಿಗಾಗಿ ಹುಟ್ಟುಹಾಕಿದ್ದ ಇಎಫ್‌ಐ ಹಿಡಿಯಿತು, ಅದೂ 1.1ರ ಆವೃತ್ತಿಯನ್ನು. ಅದರಲ್ಲಿ ಪರದೆಗೆ ಬರೆಯುವ ಕ್ರಮದ ಹೆಸರು ಯುಜಿಎ. ಅದೇ 2006ರಲ್ಲಿ, ಹಲವು ಕಂಪನಿಗಳು ಸೇರಿ ರೂಪಿಸಿದ ಯುಇಎಫ್‌ಐ 2.0 ಹೊರಬಂತು. ಅದು ಯುಜಿಎಯನ್ನು ಕೈಬಿಟ್ಟು ಜಿಓಪಿ ಎಂಬ ಸರಳ ಕ್ರಮ ತಂದಿತು: ಪರದೆ ಇಷ್ಟು ಅಗಲ, ಇಷ್ಟು ಎತ್ತರ, ಚಿತ್ರದ ಮೆಮೊರಿ ಇಲ್ಲಿಂದ ಶುರು, ಬರೆದುಕೋ.

ಒಂದೇ ಮನೆತನದ ಎರಡು ಉಪಭಾಷೆಗಳು. ಆದರೆ ಒಂದು ಇನ್ನೊಂದಕ್ಕೆ ಅರ್ಥವಾಗುವುದಿಲ್ಲ. ಕೆಲವು ವರ್ಷ ಇದು ಯಾರ ಗಮನಕ್ಕೂ ಬರಲಿಲ್ಲ, ಏಕೆಂದರೆ ಪಿಸಿಗಳು ಇನ್ನೂ ಬಯಾಸ್‌ನಲ್ಲೇ ಇದ್ದವು. 2012ರಲ್ಲಿ ವಿಂಡೋಸ್ 8 ಬರುವ ಹೊತ್ತಿಗೆ ಪಿಸಿಗಳು ಯುಇಎಫ್‌ಐಗೆ ಹೊರಳಿದವು, ಹೊಸ ಕಾರ್ಡುಗಳು ಜಿಓಪಿ ಕಲಿತು ಬಂದವು. ಮ್ಯಾಕ್ ಪ್ರೊನ ಫರ್ಮ್‌ವೇರ್ ಮಾತ್ರ ಯುಜಿಎ ಆಡುತ್ತಲೇ ಇತ್ತು.

ಫಲ ವಿಚಿತ್ರ. ಹೊಸ ಕಾರ್ಡು ಹಾಕಿದರೆ ಮೊದಲ ಒಂದು ನಿಮಿಷ ಕತ್ತಲು. ಆಮೇಲೆ ಡ್ರೈವರ್ ಎದ್ದೊಡನೆ ಲಾಗಿನ್ ಪರದೆ ಸರಿಯಾಗಿಯೇ ಬರುತ್ತದೆ. ದಿನನಿತ್ಯಕ್ಕೆ ಏನೂ ತೊಂದರೆಯಿಲ್ಲ. ಕಳೆದುಹೋಗುವುದು ಕಷ್ಟಕಾಲದಲ್ಲಿ ಬೇಕಾಗುವ ಸಂಗತಿಗಳು: ಆಪ್ಷನ್ ಕೀಲಿ ಒತ್ತಿ ಬೇರೆ ಡಿಸ್ಕ್ ಆರಿಸುವುದು, ದುರಸ್ತಿಯ ಪರದೆ, ಡಿಸ್ಕ್‌ಗೆ ಬೀಗ ಹಾಕಿದ್ದರೆ ಪಾಸ್‌ವರ್ಡ್ ಕೇಳುವ ಜಾಗ. ಎಲ್ಲವೂ ನಡೆಯುತ್ತಿರುತ್ತವೆ, ಆದರೆ ಕಾಣುವುದಿಲ್ಲ.

2018ರಲ್ಲಿ ಈ ಕತ್ತಲಿಗೆ ಅಧಿಕೃತ ಮೊಹರು ಬಿತ್ತು. ಮ್ಯಾಕ್‌ಓಎಸ್ ಮೊಹಾವಿಗೆ ಮೆಟಲ್ ಎಂಬ ಆಪಲ್‌ನ ಗ್ರಾಫಿಕ್ಸ್ ವ್ಯವಸ್ಥೆ ನಡೆಸಬಲ್ಲ ಕಾರ್ಡು ಬೇಕಿತ್ತು. 2010ರ ಯಂತ್ರದ ಜೊತೆ ಬಂದಿದ್ದ ರೇಡಿಯಾನ್ ಎಚ್‌ಡಿ 5770ಗೆ ಅದು ಸಾಧ್ಯವಿರಲಿಲ್ಲ. ಆಪಲ್ ಕೆಲವು ಕಾರ್ಡುಗಳನ್ನು ಸೂಚಿಸಿತು. ಅವುಗಳಲ್ಲಿ ರೇಡಿಯಾನ್ ಆರ್‌ಎಕ್ಸ್ 560, ಆರ್‌ಎಕ್ಸ್ 580ರಂಥ ಪಿಸಿ ಕಾರ್ಡುಗಳೂ ಇದ್ದವು. ಜೊತೆಗೆ ಒಂದು ಷರತ್ತು: ಫೈಲ್‌ವಾಲ್ಟ್, ಅಂದರೆ ಡಿಸ್ಕ್‌ನ ಬೀಗ, ಮೊದಲು ತೆಗೆಯಿರಿ. ಕಾಣದ ಪರದೆಯಲ್ಲಿ ಪಾಸ್‌ವರ್ಡ್ ಹೊಡೆಯುವುದು ಹೇಗೆ! ಮರುವರ್ಷ ಬಂದ ಕ್ಯಾಟಲಿನಾ ಈ ಯಂತ್ರಗಳನ್ನು ಪಟ್ಟಿಯಿಂದಲೇ ಕೈಬಿಟ್ಟಿತು.

ಅದೇ 2019ರಲ್ಲಿ ಓಪನ್‌ಕೋರ್ ಹೊರಬಂತು. ಅದನ್ನು ಬರೆದ ಅಸಿಡಾಂಥೆರಾ ಎಂಬ ಗುಂಪಿನ ಉದ್ದೇಶ ಆಪಲ್‌ನದಲ್ಲದ ಪಿಸಿಗಳಲ್ಲಿ ಮ್ಯಾಕ್‌ಓಎಸ್ ನಡೆಸುವುದು. ಆದರೆ ಬೇಗನೇ ಅದು ಆಪಲ್ ಕೈಬಿಟ್ಟ ಅಸಲಿ ಆಪಲ್ ಯಂತ್ರಗಳಿಗೇ ಊರುಗೋಲಾಯಿತು. ಫರ್ಮ್‌ವೇರ್ ಮತ್ತು ಮ್ಯಾಕ್‌ಓಎಸ್ ನಡುವೆ ಕೂರುವ ಈ ತಂತ್ರಾಂಶ ಜಿಓಪಿ ಆಡುವ ಕಾರ್ಡಿನಿಂದ ಪರದೆಗೆ ಚಿತ್ರ ತರಬಲ್ಲದು, ಯುಜಿಎ ಕೇಳುವವರಿಗೆ ಅದನ್ನು ಯುಜಿಎಯಾಗಿ ಒಪ್ಪಿಸಬಲ್ಲದು, ಬೇಕಾದರೆ ತಿರುಗುಮುರುಗಾಗಿಯೂ. ನಮ್ಮ ಕಸುಬಿನ ಮಾತಿನಲ್ಲಿ ಹೇಳುವುದಾದರೆ ದುಭಾಷಿ. 2020ರಿಂದ ಡಾರ್ಟೇನಿಯಾ ಗುಂಪಿನ ಓಪನ್‌ಕೋರ್ ಲೆಗಸಿ ಪ್ಯಾಚರ್ ಇದನ್ನು ನನ್ನಂಥವರೂ ನಾಲ್ಕು ಗುಂಡಿ ಒತ್ತಿ ಹಾಕಿಕೊಳ್ಳುವಷ್ಟು ಸುಲಭ ಮಾಡಿತು. ನನ್ನ ಪೆಟ್ಟಿಗೆಯಲ್ಲಿ ಆರ್‌ಎಕ್ಸ್ 580 ಕಾರ್ಡಿನ ಜೊತೆ ಹೊಸ ಮ್ಯಾಕ್‌ಓಎಸ್ ಬಂದದ್ದು ಹೀಗೆ. ಬೂಟ್ ಪರದೆಯಲ್ಲಿ ಸೇಬು ಮತ್ತೆ ಮೂಡಿದ್ದೂ ಹೀಗೆ.

"ಬೆಂಬಲವಿಲ್ಲ" ಎಂಬ ಮಾತು ಕನ್ನಡದಲ್ಲಿ ಕೆಲಸ ಮಾಡುವವರಿಗೆ ಹೊಸದಲ್ಲ. ಡಾಸ್ ಕಾಲದ ಪಿಸಿಗೆ ಕನ್ನಡ ಬರುತ್ತಿರಲಿಲ್ಲ. ಐಐಟಿ ಕಾನ್ಪುರದಲ್ಲಿ ಹುಟ್ಟಿ, ಇದೇ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡನ್ನು ಸ್ಲಾಟಿಗೆ ಸಿಕ್ಕಿಸಿದಾಗ, ಇಂಗ್ಲಿಷ್‌ಗೆಂದೇ ಬರೆದ ಪ್ರೋಗ್ರಾಂಗಳಲ್ಲೂ ಭಾರತೀಯ ಲಿಪಿಗಳು ಮೂಡಿದವು. ಯಂತ್ರಕ್ಕೆ ಶಕ್ತಿ ಇರಲಿಲ್ಲ ಎಂದಲ್ಲ. ನಡುವೆ ನಿಂತು ಹೇಳಿಕೊಡುವವರು ಇರಲಿಲ್ಲ. 2010ರ ಮ್ಯಾಕ್ ಪ್ರೊನ ಕಥೆಯೂ ಅದೇ. ಕಾರ್ಡೂ ಸರಿಯಿದೆ, ಯಂತ್ರವೂ ಸರಿಯಿದೆ.

ಈಗ ವಿಜಯದಶಮಿಗೆ ಬರೋಣ. ಒಂದು ದಿನವೆಲ್ಲ ಒದ್ದಾಡಿದ ಮೇಲೆ, ಬೀರುವಿನ ಮೇಲೆ ಹಳೆಯ ಬನಿಯನ್‌ನಲ್ಲಿ ಸುತ್ತಿಟ್ಟಿದ್ದ ಮೂಲ 5770 ಕಾರ್ಡು ನೆನಪಾಯಿತು. ಅದಕ್ಕೆ ಯುಜಿಎ ಗೊತ್ತು. ಆರ್‌ಎಕ್ಸ್ 580 ಕಿತ್ತು ಅದನ್ನು ಕೂರಿಸಿ ಗುಂಡಿ ಒತ್ತಿದೆ. ಘಂಟೆ ಬಾರಿಸಿತು, ಬೂದು ಪರದೆ ಬೆಳಗಿತು. ನಡುವೆ ಒಂದು ಪುಟ್ಟ ಫೋಲ್ಡರ್ ಚಿತ್ರ, ಅದರೊಳಗೆ ಮಿನುಗುವ ಪ್ರಶ್ನಾರ್ಥಕ ಚಿಹ್ನೆ.

ಬೂಟ್ ಆಗಲು ಡಿಸ್ಕ್ ಸಿಗುತ್ತಿಲ್ಲ ಎಂದು ಅದರರ್ಥ. ಧೂಳು ಒರೆಸಿದ ಮೇಲೆ ಒಂದು ಟ್ರೇಯನ್ನು ಪೂರ್ತಿ ತಳ್ಳಿರಲಿಲ್ಲ, ಅಷ್ಟೆ. ಹೆಬ್ಬೆರಳಿನಿಂದ ಒತ್ತಿದೆ, ಟಕ್ ಎಂದಿತು. ಒಂದೂವರೆ ದಿನ ಆ ಪೆಟ್ಟಿಗೆ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿತ್ತು. ನನಗೆ ಕಾಣುತ್ತಿರಲಿಲ್ಲ. ಅಧ್ಯಾಯಗಳು ಸುರಕ್ಷಿತವಾಗಿದ್ದವು.

ದುಭಾಷಿ ಇದ್ದೂ ಕತ್ತಲು ಯಾಕೆ? ಓಪನ್‌ಕೋರ್ ಇದ್ದದ್ದು ಅದೇ ಸಡಿಲವಾದ ಡಿಸ್ಕ್‌ನಲ್ಲಿ. ದುಭಾಷಿ ಬರುವ ಮೊದಲೇ ಮಾತು ಮುಗಿದುಹೋದರೆ ಅವನಿದ್ದು ಏನು ಫಲ? ಇದಕ್ಕೂ ಅಸಿಡಾಂಥೆರಾದವರೇ ದಾರಿ ಮಾಡಿದ್ದಾರೆ: ಎನೇಬಲ್‌ಗಾಪ್ ಎಂಬ ಚಿಕ್ಕ ಡ್ರೈವರ್. ಓಪನ್‌ಕೋರ್‌ನಿಂದ ಪರದೆಯ ಭಾಗವನ್ನಷ್ಟೇ ಬೇರ್ಪಡಿಸಿ ತೆಗೆದದ್ದು. ಅದನ್ನು ಮದರ್‌ಬೋರ್ಡಿನ 4 ಎಂಬಿ ಫರ್ಮ್‌ವೇರ್ ಚಿಪ್‌ನೊಳಗೇ ಸೇರಿಸಿದರೆ, ಡಿಸ್ಕ್ ಇರಲಿ ಬಿಡಲಿ, ಮೊದಲ ಗಳಿಗೆಯಿಂದ ಪರದೆ ಕಾಣುತ್ತದೆ. ಅಪಾಯವೂ ಅಷ್ಟೇ ನಿಜ. ಬರೆಯುವಾಗ ಎಡವಟ್ಟಾದರೆ ಯಂತ್ರ ಏಳುವುದೇ ಇಲ್ಲ. ಚಿಪ್‌ಗೆ ಹೊರಗಿನಿಂದ ಪ್ರೋಗ್ರಾಮರ್ ಹಿಡಿದು ಮೂಲ ಪ್ರತಿ ಬರೆಯಬೇಕು. ಆ ಯಂತ್ರದ ಸೀರಿಯಲ್ ನಂಬರು ಕೂಡ ಅದೇ ಚಿಪ್‌ನಲ್ಲಿರುವುದರಿಂದ ಬೇರೆಯವರ ಪ್ರತಿ ಹಾಗೆಯೇ ಒಗ್ಗುವುದಿಲ್ಲ. ಮೂಲವನ್ನು ಎರಡು ಕಡೆ ನಕಲಿಸಿಟ್ಟು, ಮೂರು ತಿಂಗಳು ಧೈರ್ಯ ಕೂಡಿಸಿಕೊಂಡು, ಕೆಲಸವಿಲ್ಲದ ಒಂದು ವಾರದಲ್ಲಿ ಅದನ್ನು ಮಾಡಿದೆ. ಮುಗಿದ ಮೇಲೆ ಮೊದಲು ಮಾಡಿದ್ದು ಒಂದೇ: ಬೇಕೆಂದೇ ಆ ಟ್ರೇಯನ್ನು ಹೊರಗೆಳೆದು ಆನ್ ಮಾಡಿದೆ. ಪ್ರಶ್ನಾರ್ಥಕ ಚಿಹ್ನೆ ಕಂಡಿತು. ಖುಷಿಯಾಯಿತು.

ಇದು ಎಷ್ಟು ದಿನ? ಇಂಟೆಲ್ ಮ್ಯಾಕ್‌ಗಳಿಗೆ ಮ್ಯಾಕ್‌ಓಎಸ್ 26 ಕೊನೆಯ ಆವೃತ್ತಿ ಎಂದು ಆಪಲ್ 2025ರ ಜೂನ್‌ನಲ್ಲಿ ಹೇಳಿದೆ. ಆ ದಾರಿ ಮುಚ್ಚಿದ ಮೇಲೆ ಈ ಪೆಟ್ಟಿಗೆಗೆ ಲಿನಕ್ಸ್ ಇದೆ. ಅದಕ್ಕೆ ಬದಲಾಗುವ ದಿನವೂ ಆಪ್ಷನ್ ಕೀಲಿ ಒತ್ತಿ ಡಿಸ್ಕ್ ಆರಿಸಬೇಕಾಗುತ್ತದೆ. ಆರಿಸಲು ಕಾಣಬೇಕು, ಈಗ ಕಾಣುತ್ತದೆ.

ಈ ವರ್ಷದ ಆಯುಧಪೂಜೆಗೂ ಟ್ರೇಗಳನ್ನು ತೆಗೆದು ಒರೆಸುತ್ತೇನೆ. ಟಕ್ ಎನ್ನುವವರೆಗೆ ತಳ್ಳುತ್ತೇನೆ. ಬ್ಯಾಕಪ್ ಹಿಂದಿನ ರಾತ್ರಿಯೇ ಆಗಿರುತ್ತದೆ. ಕುಂಕುಮದ ವಿಷಯದಲ್ಲಿ ಅವ್ವನಿಗೆ ಇನ್ನೂ ಅನುಮಾನ ಹೋಗಿಲ್ಲ.